ಓಣಿಯ ಅರಿವೆ, ಒಂದು ಮೈ

ಕೌದಿಗೆ ಹಳೆಯ ಅರಿವೆ ಕೇಳಿದರೆ ಶಹಾಪುರದಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಸಕ್ಕರೆ ಕೇಳಿದರೆ ಖಾಲಿ ಡಬ್ಬಿ ಅಲ್ಲಾಡಿಸಿ ತೋರಿಸುವವರು, ಬಸ್ಸಿನಲ್ಲಿ ಜಾಗ ಕೇಳಿದರೆ ಕಿಟಕಿಯಾಚೆ ನೋಡುವವರು ಕೂಡ ಕೌದಿ ಅಂದ ಕೂಡಲೇ ಟ್ರಂಕಿನ ತಳ ಕೆದಕಿ ಒಂದು ಸೀರೆ ತಂದು ಕೈಗಿಡುತ್ತಾರೆ. ಸತ್ತವರು ಉಟ್ಟದ್ದು, ಬಾಣಂತನದಲ್ಲಿ ಉಟ್ಟದ್ದು, ಉಟ್ಟು ಉಟ್ಟು ಸೆರಗು ಜಾಳಾದದ್ದು. ಹತ್ತು ಮನೆಯ ಅರಿವೆ ಸೇರಿದ ಕೌದಿ ಹೆಚ್ಚು ಬೆಚ್ಚಗೆ ಎಂದು ಎಲ್ಲರ ನಂಬಿಕೆ. ಕೊಟ್ಟ ಮೇಲೆ ಅದು ಯಾರ ಕೌದಿ, ಎಷ್ಟು ದೊಡ್ಡದು ಎಂದು ಕೇಳುವ ರೂಢಿಯಿಲ್ಲ. ಈ ರೂಢಿಯನ್ನು ನೆಚ್ಚಿಕೊಂಡೇ ರೇಣಮ್ಮ ಕೆಟ್ಟಳು.

ರೇಣಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಊರಿನಲ್ಲಿ ಅವಳ ಕುಂಚ ತಾಗದ ಗೋಡೆ ಕಡಿಮೆ. ಪೋಲಿಯೊ ಹನಿಗೆ ಬಾಯಿ ತೆರೆದ ಕೂಸು, ಕಾಲುವೆ ನೀರನ್ನು ಮಿತವಾಗಿ ಬಳಸಿ ಎಂದು ಕೈಮುಗಿದ ರೈತ, ಶಾಲೆಯ ವಾರ್ಷಿಕ ಗ್ಯಾದರಿಂಗಿನ ಪರದೆಯ ಮೇಲಿನ ಸರಸ್ವತಿ, ಎಲ್ಲವೂ ಅವಳವೇ. ಕೂಸಿನ ಕೆಳಗೆ ಆರೋಗ್ಯ ಇಲಾಖೆಯ ಹೆಸರಿತ್ತು, ರೈತನ ಕೆಳಗೆ ನೀರಾವರಿಯವರದ್ದು, ಸರಸ್ವತಿಯ ಕೆಳಗೆ ಪೆಂಡಾಲು ಹಾಕಿಸಿಕೊಟ್ಟ ದಾನಿಗಳದ್ದು. ರೇಣಮ್ಮನ ಹೆಸರು ಶಾಲೆಯ ಹಾಜರಿ ಮಸ್ಟರಿನಲ್ಲಿ ಬಿಟ್ಟು ಬೇರೆ ಎಲ್ಲೂ ಬರೆದದ್ದನ್ನು ಯಾರೂ ನೋಡಿರಲಿಲ್ಲ. ಮಾತಾಡಿಸುವಾಗಲೂ ಡ್ರಾಯಿಂಗ್ ಮೇಡಂ; ಗಂಡ ಬಾಲಪ್ಪ ಕಾಲುವೆ ಕಚೇರಿಯಲ್ಲಿ ಇದ್ದುದರಿಂದ ರೈತರ ಬಾಯಲ್ಲಿ ನೀರಿನ ಬಾಲಪ್ಪನ ಮನೆಯವರು.

ಯಾದಗಿರಿ ಜಿಲ್ಲೆಯಾದ ಹೊಸತು. ಹೊಸ ಜಿಲ್ಲೆಗೆ ಎಲ್ಲವೂ ಬೇಕಾಗಿತ್ತು: ಕಚೇರಿ, ಫಲಕ, ಸರ್ಕಲ್ಲು, ಉತ್ಸವ. ಅದರ ಜೊತೆ ಮಹಿಳೆಯರ ಕಲಾ ಪ್ರದರ್ಶನವೂ ಬೇಕಾಯಿತು. ಯಾದಗಿರಿ, ಶಹಾಪುರ, ಸುರಪುರ, ತಾಲ್ಲೂಕಿಗೆ ಒಂದರಂತೆ ಕಲಾಕೃತಿ. ಬೆಂಗಳೂರಿನಿಂದ ಒಬ್ಬ ವಿಮರ್ಶಕರು ಬರುತ್ತಾರೆ. ಪ್ರತಿ ಕೃತಿಯ ಕೆಳಗೆ ಮಾಡಿದವರ ಹೆಸರು ಅಚ್ಚು ಹಾಕಿಸಿದ ಚೀಟಿ ಇರುತ್ತದೆ. ರೇಣಮ್ಮನಿಗೆ ಬೇಕಾಗಿದ್ದು ಆ ಚೀಟಿ. ಮಕ್ಕಳಿಗೆ ರೊಟ್ಟಿ ಬಡಿದು, ಮಗಳ ಪಿಯುಸಿ, ಮಗನ ಗಣಿತ, ಅತ್ತೆಯ ಮಂಡಿನೋವಿನ ಎಣ್ಣೆ ಎಲ್ಲ ಮುಗಿಸಿ ಗೋಡೆಗೊರಗಿದಾಗ ಅವಳಿಗೆ ಕಣ್ಣ ಮುಂದೆ ಬರುತ್ತಿದ್ದುದು ಚಿತ್ರವಲ್ಲ, ಚಿತ್ರದ ಕೆಳಗಿನ ಚೀಟಿ.

ಚೀಟಿಯ ಮೇಲೆ ಏನಿರಬೇಕು ಎಂಬುದೂ ಅವಳಿಗೆ ಗೊತ್ತಿತ್ತು. ಕೊಳಲೂದುವವನು ಬೇಡ, ಕೊಡ ಹೊತ್ತು ಸೊಂಟ ಬಳುಕಿಸುವವಳೂ ಬೇಡ. ಅಂಥ ಸೊಂಟಗಳನ್ನು ಅವಳು ಬೇಕಾದಷ್ಟು ಬರೆದಿದ್ದಳು. ಅವು ಯಾವ ಹೆಂಗಸಿನವೂ ಅಲ್ಲ, ಕ್ಯಾಲೆಂಡರಿನವು. ಈ ಸಲ ಒಂದು ಹೆಣ್ಣಿನ ಮೈ ಮಾಡಬೇಕು, ಇದ್ದದ್ದು ಇದ್ದ ಹಾಗೆ. ಮಗ ಹುಟ್ಟಿ ಕೆಲವು ವರ್ಷಕ್ಕೆ ಅವಳ ಗರ್ಭಕೋಶ ತೆಗೆದಿದ್ದರು. ಮನೆಯಲ್ಲಿ ಅದಕ್ಕೆ ಹೊಟ್ಟೆನೋವಿನ ಆಪರೇಷನ್ ಎಂದು ಹೆಸರು. ಅತ್ತೆ ಮುದುಕಮ್ಮ ಅದನ್ನೂ ಅನ್ನುತ್ತಿರಲಿಲ್ಲ. ಬೇಕೇಬೇಕಾದರೆ "ಆವಾಗಿಂದು" ಎನ್ನುತ್ತಿದ್ದಳು. ಓಣಿಯಲ್ಲಿ ಇನ್ನೂ ಎಷ್ಟೋ ಮಂದಿಗೆ ಆಗಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಒಬ್ಬಳಿಂದ ಆಗುವ ಕೆಲಸ ಅದಲ್ಲ. ಗೋಗಿಯ ತಿಮ್ಮವ್ವ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಕಾಲುವೆ ಬರುವ ಮೊದಲು ಜೋಳದ ಸುಗ್ಗಿ ಮುಗಿದರೆ ಬೇಸಿಗೆಯಿಡೀ ಅವಳ ಕೈಯಲ್ಲಿ ಸೂಜಿಯೇ. ನೀರು ಬಂದು ಭತ್ತ ಬಂದ ಮೇಲೆ ವರ್ಷಕ್ಕೆರಡು ನಾಟಿ, ಬಗ್ಗಿದ ಬೆನ್ನು ಏಳಿಸುವಷ್ಟರಲ್ಲಿ ಇನ್ನೊಂದು ಗದ್ದೆ. ಇನ್ನೊಬ್ಬಳು ಕುಬಸ ಹೊಲಿಯುವ ಅನ್ವರಬಿ. ಬಸ್‌ಸ್ಟ್ಯಾಂಡಿನ ಹಿಂದಿನ ಅವಳ ಅಂಗಡಿಯ ಒಳಕೋಣೆಯಲ್ಲಿ ಮೂವರೂ ಕೂತರು. ಇದಕ್ಕೆ ಮಿಶ್ರ ಮಾಧ್ಯಮ ಅನ್ನುತ್ತಾರೆ ಎಂದು ರೇಣಮ್ಮ ಹೇಳಿದಳು. ಹಂಗಂದ್ರ ಏನ್ರಿ ಎಂದು ತಿಮ್ಮವ್ವ ಕೇಳಿದ್ದಕ್ಕೆ, ಬಣ್ಣ ಮಾತ್ರ ಅಲ್ಲ, ಕೈಗೆ ಸಿಕ್ಕಿದ್ದೆಲ್ಲ ಕೂಡಿಸಿ ಮಾಡುವುದು ಎಂದಳು.

"ಹಂಗಾದ್ರ ನಮ್ಮ ಸಂಸಾರೆಲ್ಲ ಅದೇ ಅಲ್ಲೇನ್ರಿ," ಎಂದಳು ತಿಮ್ಮವ್ವ.

ಅರಿವೆ ಕೂಡಿಸುವ ಕೆಲಸ ತಿಮ್ಮವ್ವನದು. ಏನೆಂದು ಕೇಳಲಿ ಎಂದಾಗ ಒಂದು ದೊಡ್ಡ ಕೌದಿ ಎಂದು ಕೇಳು ಎಂದು ರೇಣಮ್ಮ ಹೇಳಿಕೊಟ್ಟಳು. ಸುಳ್ಳಂತೂ ಅಲ್ಲ, ಕೌದಿಯ ಹೊಲಿಗೆಯೇ ತಾನೇ. ತಿಮ್ಮವ್ವ ಓಣಿ ತಿರುಗಿ ಎರಡು ಗಂಟು ತಂದಳು. ಡ್ರಾಯಿಂಗ್ ಮೇಡಂ ಅಷ್ಟು ದೊಡ್ಡ ಕೌದಿ ಹೊಲಿಸುತ್ತಿದ್ದಾಳೆ ಅಂದರೆ ಮಗಳ ಮದುವೆ ಗೊತ್ತಾಗಿದೆ ಎಂದು ಓಣಿ ತೀರ್ಮಾನಿಸಿತು. ಪಿಯುಸಿಯ ಹುಡುಗಿಗೆ ಬಸ್ಸಿನಲ್ಲಿ ಒಬ್ಬರು ವರ ಎಲ್ಲಿಯವನು ಎಂದು ಕೇಳಿದರು. ಅವಳು ಮನೆಗೆ ಬಂದು ಅವ್ವನ ಜೊತೆ ಎರಡು ದಿನ ಮಾತು ಬಿಟ್ಟಳು.

ಮೈಗೆ ಅಳತೆ ಬೇಕು. ಮೊದಲು ರೇಣಮ್ಮ ಚಾದರದ ಮೇಲೆ ಮಲಗಿದಳು, ಅನ್ವರಬಿ ಇದ್ದಿಲಿನಿಂದ ಸುತ್ತ ಗೆರೆ ಎಳೆದಳು. ಎದ್ದು ನೋಡಿದರೆ ಪೊಲೀಸರು ಹೆಣದ ಸುತ್ತ ಎಳೆದ ಗೆರೆಯ ಹಾಗಿತ್ತು. ಆಮೇಲೆ ತಿಮ್ಮವ್ವ ಮಲಗಿದಳು. ಅವಳು ಅಂದು ನಾಟಿ ಹಚ್ಚಿ ನೆಟ್ಟಗೆ ಬಂದಿದ್ದಳು. ಬೆನ್ನು ನೆಲಕ್ಕೆ ತಾಗಿದ್ದೇ ತಡ, ಒಂದು ಮಂಡಿ ಮಡಚಿ ಒಂದು ಕೈ ತಲೆಯ ಕೆಳಗಿಟ್ಟು ನಿದ್ದೆ ಹೋದಳು. ಎಬ್ಬಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ. ನಿದ್ದೆಯ ಸುತ್ತಲೇ ಗೆರೆ ಎಳೆದರು. ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆ, ಬಂದವರೆಲ್ಲ ನಿಂತು ನೋಡುತ್ತಾರೆ. ಹೆಂಗಸೊಬ್ಬಳು ಹೀಗೆ ಹಾಯಾಗಿ ಮಲಗಿದ್ದನ್ನು ನಿಂತು ನೋಡಿದ್ದು ಇದೇ ಮೊದಲು ಎಂದು ರೇಣಮ್ಮನಿಗೆ ಅನ್ನಿಸಿತು.

ಎದೆ ಅನ್ವರಬಿ ತನ್ನ ಕೈಲೆಕ್ಕದಲ್ಲಿ ಮಾಡಿದಳು. ಯಾರ ಅಳತೆ ಎಂದು ಕೇಳಿದರೆ ಯಾರದ್ದೂ ಅಲ್ಲ, ಎಲ್ಲರದ್ದೂ ಎಂದಳು. ಹೊಟ್ಟೆ ರೇಣಮ್ಮನದು. ಒಳಗೆ ಯೂರಿಯಾ ಚೀಲ ಮತ್ತು ಹಳೇ ಹತ್ತಿ, ಬೆನ್ನಿಗೆ ಬಿದಿರು. ರಾಮಸಮುದ್ರದ ಕುರುಬರ ಮನೆಯಿಂದ ತರಿಸಿದ ಕರಿಯ ಉಣ್ಣೆ ತಲೆಗೂದಲಾಯಿತು. ಹಿಮ್ಮಡಿಗಳಿಗೆ ಕಾಲುವೆಯ ಹೂಳನ್ನು ಗೋಂದಿನಲ್ಲಿ ಕಲಸಿ ಮೆತ್ತಿದರು. ಒಣಗಿ ಬಿರಿದಾಗ ಆ ಬಿರುಕುಗಳಲ್ಲಿ ಹಸಿರು ಬಳೆಯ ಚೂರು ಸಿಕ್ಕಿಸಿದರು. ಮಾತ್ರೆ ಮುಗಿದ ಬೆಳ್ಳಿ ಪಟ್ಟಿಗಳನ್ನು ಒಂದರ ಕೆಳಗೊಂದು ಹೊಲಿದು ಬೆನ್ನುಹುರಿ ಮಾಡಿದರು. ಹೊಕ್ಕಳ ಕೆಳಗೆ ರೇಣಮ್ಮ ತಾನೇ ದಬ್ಬಣ ಹಿಡಿದು ಸುತಳಿಯಿಂದ ಅಡ್ಡಕ್ಕೆ ಒಂದು ದಪ್ಪ ಗಾಯ ಹೊಲಿದಳು. ತಿಮ್ಮವ್ವ ಬಂದು ಗಂಟು ಬಿಗಿ ಇದೆಯೇ ಎಂದು ಮಾತ್ರ ನೋಡಿದಳು.

ಚರ್ಮಕ್ಕೆ ಓಣಿಯ ಅರಿವೆ. ಎಲ್ಲಿ ಯಾವುದು ಎಂದು ನಿರ್ಧರಿಸಿದ್ದು ರೇಣಮ್ಮನ ಕಣ್ಣು, ಬಣ್ಣ ನೋಡಿ, ನೆರಳು ನೋಡಿ. ಎದುರುಮನೆಯ ಗುರುಲಿಂಗಮ್ಮ ಕೊಟ್ಟ ಬದನೆಕಾಯಿ ಬಣ್ಣದ ಸೀರೆ ಕುಂಡಿಯ ಉಬ್ಬಿಗೆ ಹೇಳಿ ಮಾಡಿಸಿದಂತಿತ್ತು. ಸಣ್ಣ ಸಣ್ಣಗೆ ಕತ್ತರಿಸಿದ ಮೇಲೆ ಯಾರ ಸೀರೆ ಯಾವುದೆಂದು ದೇವರಿಗೂ ತಿಳಿಯದು ಎಂದು ಮೂವರೂ ಒಪ್ಪಿಕೊಂಡಿದ್ದರು.

ತಾಲ್ಲೂಕಿನ ಕಲಾ ಸಂಘದ ಕಾರ್ಯದರ್ಶಿ ಚಂದ್ರಾಮಪ್ಪ. ಸುರಪುರದ ತಹಸೀಲಿಯಲ್ಲಿ ನೌಕರಿ ಮುಗಿಸಿ ಬಂದು ಕಲೆಗೆ ನಿಂತವರು. ಭಾನುವಾರ ಶಾಲೆಯ ಹಾಲಿನಲ್ಲಿ ಊರವರಿಗೆ ತೋರಿಸಿ, ಸೋಮವಾರ ಬೆಳಿಗ್ಗೆ ಟೆಂಪೊಗೆ ಹಾಕಿ ಯಾದಗಿರಿಗೆ ಕಳಿಸುವುದು ಎಂದಾಗಿತ್ತು. ಕೃತಿಯ ಮೇಲೆ ಅರಿವೆ ಇದೆ, ಆದರೆ ಕೃತಿ ಏನೂ ಉಟ್ಟಿಲ್ಲ ಎಂಬುದು ಅವರಿಗೆ ಶನಿವಾರ ತಿಳಿಯಿತು. ತಮ್ಮದೇನೂ ಅಭ್ಯಂತರವಿಲ್ಲ, ಜನ ಏನಂತಾರೋ ಎಂದರು. ಮುಂಜಾಗ್ರತೆಗೆ ಸ್ಟೇಜಿನ ಹಸಿರು ಪರದೆ ಬಿಚ್ಚಿಸಿ ಪಕ್ಕದಲ್ಲೇ ಇಟ್ಟುಕೊಂಡರು. ರೇಣಮ್ಮನೂ ಮುಂಜಾಗ್ರತೆಗೆ ಒಂದು ಭಾಷಣ ಬಾಯಿಪಾಠ ಮಾಡಿದ್ದಳು: ಹೆಣ್ಣಿನ ದೇಹವೆಂದರೆ ನಾಚಿಕೆಯಲ್ಲ, ಅದು ದುಡಿದ ನೆಲ, ಇತ್ಯಾದಿ.

ಭಾನುವಾರ ಓಣಿಗೆ ಓಣಿಯೇ ಬಂತು. ಹೆಂಗಸರು ಮುಂದೆ, ಗಂಡಸರು ಹಿಂದಿನ ಗೋಡೆಗೆ. ಚಂದ್ರಾಮಪ್ಪ ಪರದೆಯ ಒಂದು ತುದಿಯನ್ನು ಬಿಡಲೇ ಇಲ್ಲ. ಹಾಲಿನ ನಡುವೆ ಬಿದಿರಿನ ಆಸರೆಯಲ್ಲಿ ನಿಲ್ಲಿಸಿದ್ದ ಮೈಯ ಮೇಲಿನ ಚಾದರವನ್ನು ರೇಣಮ್ಮ ಎಳೆದಳು. ಅವಳು ಭಾಷಣಕ್ಕೆ ಉಸಿರು ತೆಗೆದುಕೊಂಡಳು.

ಗುರುಲಿಂಗಮ್ಮ ಎದ್ದು ಬಂದು, ಮೈಯನ್ನು ಒಂದು ಸುತ್ತು ಹಾಕಿ, ಹಿಂದೆ ನಿಂತಳು.

"ಇದು ನನ್ನ ಸೀರಿ," ಎಂದಳು.

ಆಮೇಲೆ ಆದದ್ದನ್ನು ಗದ್ದಲ ಎನ್ನಲೂ ಬರುವುದಿಲ್ಲ. ಎಲ್ಲರೂ ಎದ್ದು ಬಂದು, ಸಂತೆಯಲ್ಲಿ ಕಳೆದುಹೋದ ಕೂಸನ್ನು ಹುಡುಕುವವರ ಹಾಗೆ ಮೈಯ ಮೇಲೆ ಬಗ್ಗಿ ತಮ್ಮ ತಮ್ಮ ಅರಿವೆ ಹುಡುಕಿದರು. ಒಬ್ಬೊಬ್ಬರಿಗೂ ಸಿಕ್ಕಿತು. ಕೆನ್ನೆಯಲ್ಲಿ ಸಿಕ್ಕವರು ಒಂದು ಹೆಜ್ಜೆ ಹಿಂದೆ ಸರಿದು ಮಂದಿಯ ಮುಖ ನೋಡಿದರು. ಕಂಕುಳಲ್ಲಿ ಸಿಕ್ಕವರು ತಮ್ಮ ಸೆರಗು ಬಿಗಿದುಕೊಂಡರು. ಒಬ್ಬಳ ತೀರಿಹೋದ ಅವ್ವನ ಇಳಕಲ್ ಸೀರೆ ಮಡಚಿದ ಕಾಲಿನ ಅಂಗಾಲಿಗೆ ಹೋಗಿತ್ತು, ಅವಳು ಅತ್ತಳು. ಇನ್ನೊಬ್ಬಳದು ಎಡ ಎದೆಯ ತುದಿಗೆ ಬಂದಿತ್ತು. ಅವಳ ಗಂಡ ಗೋಡೆಯ ಕಡೆಯಿಂದ ಬಂದು, ಕನ್ನಡಕ ಹಾಕಿಕೊಂಡು ನೋಡಿ, ಮನೆಗೆ ನಡಿ ಎಂದ. ಮೈ ಬತ್ತಲೆ ಇದೆ ಎಂದು ಒಬ್ಬರೂ ಅನ್ನಲಿಲ್ಲ. ಬತ್ತಲೆ ಇದ್ದರೆ ತಕರಾರೇ ಇರುತ್ತಿರಲಿಲ್ಲವೇನೋ. ಅದು ಎಲ್ಲರ ಅರಿವೆ ಉಟ್ಟಿದ್ದೇ ತಪ್ಪಾಗಿತ್ತು.

"ಹಬ್ಬಕ್ಕ ಉಟ್ಟ ಸೀರಿ ಮೇಡಂ ಅದು," ಎಂದಳು ಗುರುಲಿಂಗಮ್ಮ. "ಕುಂಡಿ ಬಿಟ್ಟು ಬ್ಯಾರೆ ಜಾಗನೇ ಸಿಗಲಿಲ್ಲೇನು ನಿಮಗ?"

ಬಣ್ಣ ಆ ಜಾಗಕ್ಕೆ ಹೊಂದುತ್ತಿತ್ತು ಎಂದು ರೇಣಮ್ಮ ಖರೆ ಹೇಳಿದಳು. ಅದರಿಂದ ಉಪಕಾರವೇನೂ ಆಗಲಿಲ್ಲ.

ಈ ಹೊತ್ತಿಗೆ ಚಂದ್ರಾಮಪ್ಪನವರು ಪರದೆ ಕೆಳಗಿಟ್ಟು ಹತ್ತಿರ ಬಂದಿದ್ದರು. ಜನಕ್ಕೆ ಬತ್ತಲೆಯ ತಕರಾರಿಲ್ಲ ಎಂದು ಅವರಿಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಇದೊಂದು ದಿಟ್ಟ ಪ್ರಯೋಗ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಹೇಳುತ್ತಲೇ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಒಳತೊಡೆಯ ಮೇಲುಭಾಗದಲ್ಲಿ, ಎರಡೂ ಕಡೆ, ಅವರು ತಹಸೀಲಿಗೆ ವರ್ಷಗಟ್ಟಲೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಸಫಾರಿ ಇತ್ತು. ಒಂದು ಗುಂಡಿ ಕೂಡ ಹಾಗೇ ಇತ್ತು. ಅವರು ತಿರುಗಿ ಹೆಂಡತಿ ಮೋನಮ್ಮನನ್ನು ನೋಡಿದರು. ಮೋನಮ್ಮ ತಾನು ಕೌದಿಗೆ ಕೊಟ್ಟದ್ದು, ತೊಡಿಗೆ ಕೊಟ್ಟದ್ದಲ್ಲ ಎಂದಳು.

ಕಾರ್ಯದರ್ಶಿಗಳು ನೆಟ್ಟಗೆ ನಿಂತು, ಕೃತಿಯಲ್ಲಿ ಕೆಲವು ತಾಂತ್ರಿಕ ದೋಷಗಳಿವೆ ಎಂದರು. ಎಲ್ಲಿ ಎಂದು ರೇಣಮ್ಮ ಕೇಳಿದಳು. ಒಟ್ಟಾರೆ ಎಂದರು. ಬಿಚ್ಚಿ, ಕೊಟ್ಟವರ ಒಪ್ಪಿಗೆಯಂತೆ ಅರಿವೆಗಳನ್ನು ಬೇರೆ ಬೇರೆ ಸ್ಥಾನಕ್ಕೆ ಹಾಕಿದರೆ ನಾಳೆ ಕಳಿಸಬಹುದು, ಇಲ್ಲದಿದ್ದರೆ ಶಹಾಪುರದಿಂದ ಈ ವರ್ಷ ರಂಗೋಲಿ.

ಬಿಚ್ಚಿದರೆ ಉಳಿಯುವುದೇನೂ ಇರಲಿಲ್ಲ. ತಿಮ್ಮವ್ವನ ಓಟಹೊಲಿಗೆ ನೆತ್ತಿಯಿಂದ ಹಿಮ್ಮಡಿಯವರೆಗೆ ಸುತ್ತಿ ಸುತ್ತಿ ಬಂದಿತ್ತು; ತೊಡೆಯಲ್ಲಿ ಎಳೆದರೆ ಭುಜ ಬಿಡುತ್ತಿತ್ತು. ಮೇಲಾಗಿ ಎಲ್ಲರಿಗೂ ಹಣೆಯೇ ಬೇಕು. ಗುರುಲಿಂಗಮ್ಮ ಹಣೆ ಕೇಳಿದಳು, ಅಂಗಾಲಿನವಳು ಹಣೆ ಕೇಳಿದಳು, ಕಂಕುಳಿನವಳು ಹಣೆ ಸಿಗದಿದ್ದರೆ ಗಲ್ಲವಾದರೂ ಆದೀತು ಎಂದಳು. ತೊಡೆ, ಹೊಟ್ಟೆ, ಕುಂಡಿ ಯಾರಿಗೂ ಬೇಡ. ಎಲ್ಲರ ಮಾತಿನಂತೆ ಹೊಲಿದರೆ ಬಂಡಿಗಾಲಿಯಷ್ಟು ದೊಡ್ಡ ತಲೆ, ಕೆಳಗೆ ಬರೀ ಯೂರಿಯಾ ಚೀಲ ಆಗುತ್ತಿತ್ತು.

ಆದರೂ ತಿಮ್ಮವ್ವ ಚೀಲದಿಂದ ಕತ್ತರಿ ತೆಗೆದಳು. ರೇಣಮ್ಮ ಅವಳ ಕೈ ಹಿಡಿದಳು.

"ಬ್ಯಾಡ ತಿಮ್ಮವ್ವ. ಇದು ನಮ್ಮ ಮೂವರ ಕೆಲಸ."

"ಕೆಲಸ ನಮ್ಮದು, ಅರಿವಿ ಅವರದು," ಎಂದಳು ತಿಮ್ಮವ್ವ. "ಕೌದಿ ಅಂತ ಕೇಳಿದ ಬಾಯಿ ನಂದು ಮೇಡಂ, ನಿಮ್ಮದಲ್ಲ. ನಾಳೆ ಇವರ ಮನಿ ಬಾಗಲಿಗೆ ಹೋಗಾಕಿ ನಾ."

ರೇಣಮ್ಮನ ಬಾಯಿಪಾಠದ ಭಾಷಣದಲ್ಲಿ ಇದರ ಪ್ಯಾರಾ ಇರಲಿಲ್ಲ. ಅವಳು ಮೈಯ ಮುಂದೆ ಕೈ ಚಾಚಿ ನಿಂತಳು, ಅಷ್ಟೆ. ಯಾರು ಮೊದಲು ಎಳೆಯುತ್ತಾರೋ ಎಂದು ಎಲ್ಲರೂ ನೋಡುತ್ತಿದ್ದಾಗ, ಅವಳ ತೋಳಿನ ಕೆಳಗಿಂದ ಮುದುಕಮ್ಮ ತಲೆ ತೂರಿಸಿದಳು. ಮಂಡಿನೋವೆಂದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ ಯಾವಾಗ ಎದ್ದು ಬಂದಳೋ. ಮುದುಕಮ್ಮ ತನ್ನ ಸೀರೆಯನ್ನು ಹುಡುಕಲಿಲ್ಲ. ಹೊಕ್ಕಳ ಕೆಳಗಿನ ಸುತಳಿಯ ಗಾಯದ ಮೇಲೆ ಬೆರಳಿಟ್ಟಳು.

"ಇದು ತಪ್ಪು ಹಾಕೀರಿ," ಎಂದಳು. "ಹಿಂಗ ಅಡ್ಡ ಅಲ್ಲ. ಉದ್ದ ಕೊಯ್ದಿದ್ರು. ಮೂರು ವಾರ ನಾನೇ ಪಟ್ಟಿ ಬದಲಿಸೀನಿ ಇಕಿದು, ನನಗ ಗೊತ್ತಿಲ್ಲೇನು?"

ಬಾಲಪ್ಪ ಹಿಂದಿನ ಗೋಡೆಯ ಮೇಲಿನ ಪೋಲಿಯೊ ಕೂಸನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅಡ್ಡ ಹಾಕಿದರೆ ನೋಡಲು ಚೆಂದ ಕಾಣುತ್ತದೆ ಎಂದು ಹಾಕಿದ್ದು ಎಂದು ಹೇಳಲು ರೇಣಮ್ಮನಿಗೆ ಬಾಯಿ ಬರಲಿಲ್ಲ.

"ಅಡ್ಡನೂ ಇರ್ತಾವು ಅತ್ತಿ," ಎಂದಳು ಗುರುಲಿಂಗಮ್ಮ. ಅವಳ ದನಿ ತಗ್ಗಿತ್ತು. "ನಂದು ಅಡ್ಡನೇ ಅದ."

ನಿಂದ್ಯಾವಾಗ ಆತು ಎಂದು ಮೋನಮ್ಮ ಕೇಳಿದಳು. ಹೋದ ವರ್ಷದ ಹಿಂದಿನ ವರ್ಷ, ತವರಿಗೆ ಹೋಗಿದ್ದೆ ಅಂದಿದ್ದೆನಲ್ಲ ಆವಾಗ ಎಂದಳು ಗುರುಲಿಂಗಮ್ಮ. ಅಂಗಾಲಿನವಳು ಕಣ್ಣೊರೆಸಿಕೊಂಡು, ತನಗೂ ಉದ್ದಕ್ಕೇ, ಈಗಲೂ ಮಳೆಗಾಲಕ್ಕೆ ತುರಿಸುತ್ತದೆ ಎಂದಳು. ಉದ್ದದವರು ಒಂದು ಕಡೆ, ಅಡ್ಡದವರು ಒಂದು ಕಡೆ ಆದರು. ಒಳಗೇನೂ ಇಲ್ಲದ್ದಕ್ಕೆ ಹೊಟ್ಟೆ ಹಗುರಾಗಬೇಕಿತ್ತು, ಯಾಕೆ ಇಷ್ಟು ಭಾರ ಎಂದು ಒಬ್ಬಳು ಕೇಳಿದಳು. ಸೊಂಟದ ಎಲುಬು ಸವೆಯುತ್ತದಂತೆ ಎಂದು ಇನ್ನೊಬ್ಬಳು ಹೇಳಿದಳು. ಯಾಕೆ ತೆಗೆದರು ಎಂಬುದು ಮಾತ್ರ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ತೆಗೀಬೇಕು ಅಂದರು, ತೆಗೆಸಿದೆವು. ನಮ್ಮ ಮಂದಿಯಲ್ಲೂ ಹೀಗೇ ಅದ ಎಂದು ಅನ್ವರಬಿ ನಡುವೆ ಸೇರಿಸಿದಳು. ಸೊಂಟದ ಅಳತೆ ಕೊಡುವಾಗ ಲಂಗದ ನಾಡಾ ಎಲ್ಲಿ ಒತ್ತಬಾರದು ಅಂತ ಹೇಳ್ತೀರಲ್ಲ, ಆವಾಗಲೇ ನನಗ ತಿಳೀತದ ಎಂದಳು. ಕೆಲವರು ನಕ್ಕರು.

ಬತ್ತಲೆ ಮೈಯನ್ನು ಧೈರ್ಯವಾಗಿ ನೋಡಲು ಸಿದ್ಧರಾಗಿ ಬಂದಿದ್ದ ಗಂಡಸರಿಗೆ ಇದು ಲೆಕ್ಕದಲ್ಲಿರಲಿಲ್ಲ. ಒಬ್ಬ ಟೆಂಪೊ ಬಂತೇನೋ ನೋಡಿ ಬರುತ್ತೇನೆ ಎಂದು ಹೊರಟ. ಅದು ಬರಬೇಕಾದದ್ದು ಮರುದಿನ ಎಂದು ಯಾರೂ ನೆನಪಿಸಲಿಲ್ಲ. ಉಳಿದವರೂ ಟೆಂಪೊ ನೋಡಲು ಹೋದರು. ಚಂದ್ರಾಮಪ್ಪನವರು ಸ್ವಲ್ಪ ಹೊತ್ತು ಸ್ಥಾನದ ಗೌರವಕ್ಕೆ ನಿಂತು, ಮೋನಮ್ಮ ತನ್ನ ಕಥೆ ಸುರು ಮಾಡುವ ಲಕ್ಷಣ ಕಂಡು ಅವರೂ ಹೋದರು.

ಕತ್ತಲಾಗುವ ಮೊದಲು ಓಣಿ ಒಂದು ತೀರ್ಮಾನಕ್ಕೆ ಬಂತು. ಮೈಯನ್ನು ಯಾರೂ ಮುಟ್ಟಬಾರದು, ಇದ್ದ ಹಾಗೆ ಹೋಗಲಿ. ಆದರೆ ಚೀಟಿಯಲ್ಲಿ ಹೆಸರು ಬೇಡ. ರೇಣಮ್ಮ ಮೊದಲು ಕೇಳಿಸಿಕೊಳ್ಳದವಳ ಹಾಗೆ ನಿಂತಳು.

"ನಿಮ್ಮ ಹೆಸರು ಬರದ್ರ ಯಾದಗಿರಿ ಮಂದಿ ಇದು ನಿಮ್ಮ ಮೈ ಅಂತಾರ," ಎಂದಳು ಗುರುಲಿಂಗಮ್ಮ. "ನಿಮ್ಮದೊಂದೇ ಏನ್ರಿ ಮೇಡಂ ಇದು?"

ಮಾಡಿದವಳು ನಾನಲ್ಲವೇ ಎಂದು ಕೇಳಬೇಕೆಂದಿತ್ತು. ಆದರೆ ಕೇಳಿದರೆ ಮತ್ತೆ ಕತ್ತರಿ ಹೊರಗೆ ಬರುತ್ತಿತ್ತು. ಇಡೀ ಮೈಯೋ, ಹೆಸರೋ. ಅವಳು ಮೈಯನ್ನು ನೋಡಿದಳು. ಆಗಲಿ ಎಂದಳು. ತಿಮ್ಮವ್ವ ಕತ್ತರಿ ಚೀಲಕ್ಕೆ ಹಾಕಿಕೊಂಡಳು. ಹೊರಗೆ ಚಹಾ ಕುಡಿಯುತ್ತಿದ್ದ ಚಂದ್ರಾಮಪ್ಪನವರಿಗೆ ಈ ತೀರ್ಮಾನ ಬಹಳ ಹಿಡಿಸಿತು. ಹೆಸರಿಲ್ಲದಿದ್ದರೆ ಸಫಾರಿಯ ಗುರುತು ಹತ್ತುವುದಿಲ್ಲ. ಅವರೇ ಕೈಯಾರೆ ಬರೆದುಕೊಟ್ಟರು: ಶಹಾಪುರ ತಾಲ್ಲೂಕಿನ ಮಹಿಳೆಯರು, ಮಿಶ್ರ ಮಾಧ್ಯಮ. ಬಾಲಪ್ಪ ಮನೆಗೆ ಹೋಗುವ ದಾರಿಯಲ್ಲಿ, ಹೆಸರಿಲ್ಲದ್ದೇ ಛಲೋ ಆತು, ನಾಳೆ ಆಫೀಸಿನಾಗ ಯಾರೂ ಕೇಳಂಗಿಲ್ಲ ಎಂದ. ರೇಣಮ್ಮ ಅಂದು ರೊಟ್ಟಿ ಬಡಿಯಲಿಲ್ಲ. ಮಂಡಕ್ಕಿ ಒಗ್ಗರಣೆ ಮಾಡಿ ಮುಂದಿಟ್ಟಳು.

ಸೋಮವಾರ ಟೆಂಪೊದಲ್ಲಿ ಮೈ ಒಂದೇ ಹೋಗಲಿಲ್ಲ. ತಮ್ಮ ಅರಿವೆಯ ಜೊತೆ ತಾವೂ ಹೋಗುವುದು ಸರಿಯೆಂದು ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಹತ್ತಿದರು. ಮೈ ಅವರ ಕಾಲಮೇಲೆ ಅಡ್ಡ ಮಲಗಿತು. ಗದ್ದೆಗಳ ಉದ್ದಕ್ಕೂ ನಾಟಿ ನಡೆದಿತ್ತು. ತಿಮ್ಮವ್ವ ಇವತ್ತಿನ ಕೆಲಸ ತಪ್ಪಿತು ಎಂದು ಎರಡು ಸಲ ಅಂದು, ಆಮೇಲೆ ನಿದ್ದೆ ಹೋದಳು. ಭೀಮಾ ಸೇತುವೆ ದಾಟುವಾಗ ಟೆಂಪೊ ಗುಂಡಿಗೆ ಬಿದ್ದು ಎದ್ದಿತು, ಮೈಯ ಬೆನ್ನಿನ ಬಿದಿರು ಲಟಕ್ಕೆಂದು ಮುರಿಯಿತು.

ಯಾದಗಿರಿಯ ಹಾಲಿನಲ್ಲಿ ಸುರಪುರದವರು ಬಂಗಾರದ ಬಣ್ಣದ ಅಂಚಿನ ರಾಜರಾಣಿಯರನ್ನು ತಂದಿದ್ದರು, ಯಾದಗಿರಿಯವರದ್ದು ಥರ್ಮಾಕೋಲಿನ ಹಸು ಮತ್ತು ಕರು. ಅವೆರಡೂ ತಮ್ಮಷ್ಟಕ್ಕೆ ನಿಂತಿದ್ದವು. ಶಹಾಪುರದ ಹೆಂಗಸು ಮಾತ್ರ ನಿಲ್ಲಲಿಲ್ಲ. ಗೋಡೆಗೆ ಒರಗಿಸಿದರೆ ಜಾರಿದಳು, ಕುರ್ಚಿಗೆ ಕಟ್ಟಿದರೆ ನಡುವಿನಲ್ಲಿ ಮಡಚಿದಳು. ವಿಮರ್ಶಕರು ಬರುವ ಹೊತ್ತಾಗಿತ್ತು. ಕಡೆಗೆ ರೇಣಮ್ಮನೇ ಹಿಂದೆ ನಿಂತು, ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದಳು. ಎದುರಿನಿಂದ ನೋಡಿದವರಿಗೆ ಅವಳು ಕಾಣುತ್ತಲೇ ಇರಲಿಲ್ಲ. ಅವಳ ಮೂಗಿಗೆ ಉಣ್ಣೆಯ ಕೂದಲು ತಾಗುತ್ತಿತ್ತು.

ವಿಮರ್ಶಕರು ಬಂದರು. ರಾಜರಾಣಿಯರ ಮುಂದೆ ತಲೆ ಅಲ್ಲಾಡಿಸಿದರು, ಹಸುವಿನ ಮುಂದೆ ಗಡಿಯಾರ ನೋಡಿದರು, ಶಹಾಪುರದ ಹೆಂಗಸಿನ ಮುಂದೆ ಬಹಳ ಹೊತ್ತು ನಿಂತರು. ಬಳೆಚೂರು ನೋಡಿದರು, ಮಾತ್ರೆಯ ಪಟ್ಟಿ ನೋಡಲು ಹಿಂದೆ ಬಗ್ಗಿದವರು ರೇಣಮ್ಮನನ್ನು ಸ್ಟ್ಯಾಂಡು ಅಂದುಕೊಂಡರೋ ಏನೋ, ಸ್ವಲ್ಪ ಸರೀರಿ ಎಂದರು. ಕಾಲುವೆಯ ನಂತರದ ನೆಲದಲ್ಲಿ ದುಡಿಮೆಯ ದೇಹವು ತನ್ನ ಅನಾಮಿಕತೆಯನ್ನೇ ಅಸ್ತ್ರವಾಗಿಸಿಕೊಂಡಿದೆ ಎಂದು ಅಲ್ಲಿದ್ದವರಿಗೆಲ್ಲ ವಿವರಿಸಿದರು. ಹೆಸರು ಹಾಕದಿರುವುದೇ ಈ ಕೃತಿಯ ದೊಡ್ಡ ಧೈರ್ಯ ಎಂದರು. ಚಂದ್ರಾಮಪ್ಪನವರು ಅದು ತಮ್ಮ ಸಲಹೆ ಎಂದು ವಿನಯದಿಂದ ತಿಳಿಸಿದರು. ರೇಣಮ್ಮನ ತೋಳು ಜೋಮು ಹಿಡಿದಿತ್ತು.

ಹೊರಡುವ ಮುನ್ನ ವಿಮರ್ಶಕರು ತಿರುಗಿ, ಆದರೂ ಇದನ್ನು ನಿಜವಾಗಿ ಮಾಡಿದವರು ಯಾರು ಎಂದು ಕೇಳಿದರು.

ಗುರುಲಿಂಗಮ್ಮ ಕೈ ಎತ್ತಿದಳು. ಮೋನಮ್ಮ ಎತ್ತಿದಳು. ಅಂಗಾಲಿನವಳು, ಕಂಕುಳಿನವಳು, ಗಂಡ ಮನೆಗೆ ನಡಿ ಎಂದಿದ್ದ ಎಡ ಎದೆಯವಳು, ಎಲ್ಲರೂ ಎತ್ತಿದರು. ಅನ್ವರಬಿ ಎತ್ತಿದಳು. ತಿಮ್ಮವ್ವ ಒಮ್ಮೆ ಮೈಯ ಹಿಂದಕ್ಕೆ ನೋಡಿ, ಅವಳೂ ಎತ್ತಿದಳು. ತನ್ನ ಶಾಲೆಯಲ್ಲೂ ಇಷ್ಟು ಕೈ ಒಟ್ಟಿಗೆ ಎದ್ದದ್ದನ್ನು ರೇಣಮ್ಮ ಎಂದೂ ನೋಡಿರಲಿಲ್ಲ.

ಅವಳು ಮೈಯನ್ನು ಬಿಟ್ಟಳು.

ಶಹಾಪುರದ ಹೆಂಗಸು ಮೊದಲು ಮಂಡಿಯಲ್ಲಿ ಬಾಗಿ, ಆಮೇಲೆ ಮುಂದಕ್ಕೆ ಬಂದಳು. ಯವ್ವಾ ಎಂದು ಯಾರೋ ಅಂದರು. ಎದ್ದಿದ್ದ ಕೈಗಳೆಲ್ಲ ಒಟ್ಟಿಗೆ ಕೆಳಗೆ ಬಂದು ಅವಳನ್ನು ಹಿಡಿದವು; ಒಬ್ಬಳು ತಲೆ, ಒಬ್ಬಳು ಸೊಂಟ, ಬದನೆಕಾಯಿ ಬಣ್ಣದ ಕಡೆ ಗುರುಲಿಂಗಮ್ಮ. ಆ ಗದ್ದಲದ ಹಿಂದೆ ಒಂದೇ ಒಂದು ಕೈ ಮೇಲಿತ್ತು, ಜೋಮು ಹಿಡಿದದ್ದರಿಂದ ಪೂರ್ತಿ ನೆಟ್ಟಗಾಗದೆ.

ನಿಮ್ಮ ಹೆಸರು ಎಂದು ವಿಮರ್ಶಕರು ಕೇಳಿದರು.

"ಡ್ರಾಯಿಂಗ್ ಮೇಡಂ ಅವರು," ಎಂದಳು ಗುರುಲಿಂಗಮ್ಮ, ಭಾರ ಹೊತ್ತುಕೊಂಡೇ.

"ರೇಣಮ್ಮ ಅಂತ್ರಿ," ಎಂದಳು ರೇಣಮ್ಮ. ವಿಮರ್ಶಕರು ಜೇಬಿನಲ್ಲಿ ಪೆನ್ನು ಹುಡುಕುವವರೆಗೂ ಅವಳು ಕೈ ಇಳಿಸಲಿಲ್ಲ.